ಲೈನ್‌ಮನೆಗೆ ಬಂದ ದೇವಿ

“ಶಿವಣ್ಣನೋರೇ, ಈ ಬಣ್ಣದಲ್ಲೇ ಒಂದ್ಸಲ ನಮ್ಮ ಲೈನಿಗೆ ಬನ್ನಿ. ಮಗಳು ಬೆಳಗ್ಗಿಂದ ದೇವಿ ನೋಡ್ಬೇಕು ಅಂತಿದಾಳೆ.”

ತೋಟದ ಆಳುಗಳ ಸಾಲುಮನೆಯಾದ ಲೈನಿನಿಂದ ಬಂದ ಚೆನ್ನಿ ಬಣ್ಣದ ಕೋಣೆಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು. ಟಿಕೆಟ್ಟಿಲ್ಲದ ನಾಟಕ ಮಂಡಳಿ ನಮ್ಮದು. ನೋಡಲು ಬಂದವರು ತಂದ ಅಕ್ಕಿ ಚಳಿಜ್ವರ ಬಿದ್ದ ಮನೆಗಳಿಗೆ ಹೋಗುತ್ತಿತ್ತು. ಚೆನ್ನಿಯ ಮನೆಗೂ ಹೋಗಿತ್ತು, ಮಗಳ ಜ್ವರ ಮಾತ್ರ ಬಿಟ್ಟಿರಲಿಲ್ಲ. ಆದರೆ ಬಣ್ಣ ಹಚ್ಚಿದವರು ರಂಗಕ್ಕಲ್ಲದೆ ಬೇರೆಲ್ಲಿಗೂ ಹೋಗಬಾರದೆಂದು ನಮ್ಮ ಕಟ್ಟಳೆ. ದೇವಿಯ ವೇಷದಲ್ಲಿದ್ದ ದರ್ಜಿ ಶಿವಣ್ಣ ಮಂಡಳಿಯ ಯಜಮಾನರ ಮುಖ ನೋಡಿದ.

“ಹೋಗಿ ಬಾ ಮಾರಾಯ, ಕಟ್ಟಳೆ ಮಾಡಿದ್ದು ನಾವೇ ಅಲ್ವಾ?” ಎಂದರು ಅವರು.

ಹಾರ್ಮೋನಿಯಂ ಬಿಟ್ಟು ನಾನೂ ಹಿಂದೆಯೇ ಹೋದೆ. ಚಾಪೆಯ ಮೇಲಿದ್ದ ಹುಡುಗಿ ಕಣ್ಣು ತೆರೆದು, ಬಗ್ಗಿದ ಶಿವಣ್ಣನ ರಟ್ಟಿನ ಕಿರೀಟವನ್ನು ಮುಟ್ಟಿದಳು. ಅವನಿಗೆ ಅಳು ತಡೆಯಲಾಗಲಿಲ್ಲ.

“ಅಳ್ಬೇಡ ದೇವೀ, ಬಣ್ಣ ಹೋಗುತ್ತೆ,” ಎಂದಳು.

ನಾವು ಏಳುವ ಮೊದಲೇ ಆ ಪುಟ್ಟ ಕೈ ಜಾರಿ ಚಾಪೆಯ ಮೇಲೆ ಬಿತ್ತು. ಅಂದು ನಾಟಕ ನಡೆಯಲಿಲ್ಲ. ನೋಡಲು ಬಂದಿದ್ದವರೆಲ್ಲ ಲೈನಿಗೆ ನಡೆದರು.

ಮಂಡಳಿ ಈಗಲೂ ಊರೂರಲ್ಲಿ ಆಡುತ್ತಿದೆ, ಶಿವಣ್ಣನೇ ದೇವಿ. ಅವನು ಕೈಯೆತ್ತಿ ವರ ಕೊಡುವಾಗ ಮಾತ್ರ ನಾನು ತಲೆಯೆತ್ತಿ ನೋಡಲಾರೆ.