ಕೇವಡಾ ಬಿದ್ದ ಎಲೆ

ಆ ಗಿಡವನ್ನು ನನ್ನ ಅಕ್ಕ ನಿಪ್ಪಾಣಿಯಿಂದ ತಂದದ್ದು ನನ್ನ ಎಡಗೈ ಪ್ಲಾಸ್ಟರಿನಲ್ಲಿದ್ದಾಗ. ರಾಯಬಾಗದಿಂದ ಚಿಕ್ಕೋಡಿಗೆ ಹೋಗುತ್ತಿದ್ದ ನಮ್ಮ ಬಸ್ಸು, ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ, ಒಂದು ತಿರುವಿನಲ್ಲಿ ಮೆಲ್ಲಗೆ ತಗ್ಗಿಗೆ ವಾಲಿ ಮಲಗಿತ್ತು. ಮೆಲ್ಲಗೆ ಎಂಬುದು ನಿಜ. ನನ್ನ ತೊಡೆಯ ಮೇಲಿನ ಚೀಲದಿಂದ ಟೊಮ್ಯಾಟೊಗಳು ಒಂದೊಂದಾಗಿ ಉರುಳಿ ಕಿಟಕಿಯ ಕಡೆ ಹೋದದ್ದನ್ನು ನೋಡುತ್ತಲೇ ಇದ್ದೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮುಂದೆ ಕೈಯೂ ಕೂಡಿಕೊಂಡಿತು. ಆದರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವುದು ನನ್ನಿಂದ ಆಗಲಿಲ್ಲ.

ಅಕ್ಕ ಸಮಾಧಾನದ ಮಾತು ಹೇಳುವವಳಲ್ಲ. ಕುಂಡವನ್ನು ಪಡಸಾಲೆಯ ಕಿಟಕಿಯ ಪಕ್ಕ ಇಟ್ಟು, ಸೆರಗಿನಿಂದ ಎಲೆ ಒರೆಸುತ್ತ ಹೇಳಿದಳು: "ಮಾನ್‌ಸ್ಟೆರಾ ಅಂತಾರ ಇದಕ್ಕ. ಕೊಲ್ಹಾಪುರದ ನರ್ಸರಿಯಿಂದ ತಂದಿದ್ದೆ. ಇದ್ದದ್ದು ಒಂದ, ಅದನ್ನ ನಿನಗ ಕೊಡಾಕತ್ತೀನಿ. ಬೆಳೀತಂದ್ರ ಮೊದಲನೇ ತುಂಡು ನನಗ. ನೀನ ಬಸ್ಸಿನ್ಯಾಗ ತರಬೇಕು. ಬ್ಯಾರೆಯವರ ಕೈಯಾಗ ಕಳಿಸಿದೆಂದ್ರ ಬಾಗಲಾ ತೆಗ್ಯೂದಿಲ್ಲ ನೋಡ."

ಎಲೆಗಳು ಊಟದ ತಟ್ಟೆಯಷ್ಟು ದೊಡ್ಡವು, ಅಂಚಿನಿಂದ ಒಳಕ್ಕೆ ಸೀಳಿದಂಥವು. ಒಂದು ಎಲೆ ಅರ್ಧ ಹಸಿರು, ಅರ್ಧ ಹಾಲಿನ ಬಿಳುಪು. ನಡುವಿನ ನರದಲ್ಲಿ ಗೆರೆ ಎಳೆದಂತೆ ಬಣ್ಣ ಬದಲಾಗಿತ್ತು. ಇನ್ನೊಂದರ ಮೇಲೆ ಯಾರೋ ಸುಣ್ಣದ ಕುಂಚ ಕೊಡವಿದಂಥ ಚುಕ್ಕಿಗಳು. ಬಿಳಿ ಭಾಗದ ಹಿಂದೆ ಬೆರಳಿಟ್ಟರೆ ಬೆರಳಿನ ನೆರಳು ಈಚೆ ಕಾಣುತ್ತಿತ್ತು, ಹಸಿರಿನ ಹಿಂದೆ ಇಟ್ಟರೆ ಇಲ್ಲ. ಮನೆಯಲ್ಲೇ ಕೂತಿದ್ದ ನಾನು ದಿನವೂ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಿದ್ದೆ. ಒಣಗಿದ್ದರೆ ಮಾತ್ರ ನೀರು.

ಮಾವನವರು ಹುಟ್ಟಿದಾಗಿನಿಂದ ಕಬ್ಬು ನೋಡಿದವರು. ಕಬ್ಬಿನ ಎಲೆ ಬಿಳಿಚಿಕೊಂಡರೆ ನಮ್ಮ ಕಡೆ ಕೇವಡಾ ಬಿತ್ತು ಎನ್ನುತ್ತಾರೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಸಾಲದೆ ಬರುವ ರೋಗ ಅದು. ಹೀರಾಕಸವೆಂಬ ಹಸಿರು ಹರಳನ್ನು ನೀರಿನಲ್ಲಿ ಕರಗಿಸಿ ಹೊಡೆದರೆ ಎಲೆ ಮತ್ತೆ ಹಸಿರಾಗುತ್ತದೆ. ಮಾವನವರು ಹೋಗುತ್ತ ಬರುತ್ತ ನನ್ನ ಗಿಡದ ಮುಂದೆ ನಿಂತು ತಲೆಯಾಡಿಸುತ್ತಿದ್ದರು.

"ಕೇವಡಾ ಬಿದ್ದೈತವಾ ಇದಕ್ಕ."

"ಇಲ್ರಿ ಮಾಮಾ, ಅದರ ಬಣ್ಣಾನ ಹಂಗ."

"ರೋಗಕ್ಕ ಬಣ್ಣಾ ಅಂತೀಯಲ್ಲ," ಎಂದು ನಕ್ಕು ಹೋಗುತ್ತಿದ್ದರು.

ಒಂದು ಬೆಳಗ್ಗೆ ಎದ್ದು ನೋಡಿದರೆ ಬಿಳಿ ಭಾಗದ ತುಂಬ ತುಕ್ಕಿನ ಬಣ್ಣದ ಕಲೆ, ಅಂಚು ಸುಟ್ಟಂತೆ ಮುದುಡಿತ್ತು. ಪಡಸಾಲೆಯ ನೆಲದ ಮೇಲೂ ಹನಿ ಒಣಗಿದ ಗುರುತು. ಹಿಂದಿನ ಸಂಜೆ ಹೊಲದಿಂದ ಬಂದ ಮಾವನವರು ಔಷಧಿ ಹೊಡೆಯುವ ಪಂಪಿನಲ್ಲಿ ಉಳಿದಿದ್ದ ಹೀರಾಕಸದ ನೀರನ್ನು ಗಿಡಕ್ಕೆ ಹೊಡೆದಿದ್ದರು. ಅತ್ತೆ ಅವರ ಮೇಲೆ ಹರಿಹಾಯ್ದರು.

"ಮನ್ಯಾಗ ಪಂಪ ಹೊತಗೊಂಡ ಬಂದಿರೇನ್ರಿ? ನನ್ನ ತಲೀನೂ ಬೆಳ್ಳಗಾಗೇತಿ, ಅದಕ್ಕೂ ಒಂದೀಟ ಹೊಡೀರಿ!"

ಮಾವನವರು ಒದ್ದೆ ಬಟ್ಟೆ ತಂದು ಒಂದೊಂದೇ ಎಲೆ ಒರೆಸಿದರು. ಬಿಳುಪು ಉಳಿಯಲಿಲ್ಲ. ಆ ಎಲೆಗಳು ಒಣಗಿ ಬಿದ್ದವು. ಅವುಗಳ ಹಿಂದೆ ಬಂದ ಹೊಸ ಎಲೆಗಳು ಪೂರ್ತಿ ಹಸಿರು.

"ನೋಡವಾ, ಆರಾಮಾತಲ್ಲ!" ಎಂದು ಅವರು ಹಿಗ್ಗಿದರು. ನಾನು ಒಳಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ದಂಟಿನ ಮ್ಯಾಲ ಬಿಳಿ ಗೆರಿ ಐತೇನ ನೋಡ," ಎಂದಳು. "ಗೆರಿ ಇದ್ದ ಕಣ್ಣಿನ ಮ್ಯಾಗ ಕಡದ ಬಿಡ, ಅಲ್ಲಿಂದ ಬಿಳಿ ಚಿಗುರ ಬರತೈತಿ. ಗೆರಿ ಇಲ್ಲಂದ್ರ ಮುಗೀತು, ಹಸರ ಗಿಡಾ ನನಗ ಬ್ಯಾಡ."

ಗೆರೆ ಇಲ್ಲದಿದ್ದರೆ ನಾನು ಬಸ್ಸು ಹತ್ತಬೇಕಾಗಿರಲಿಲ್ಲ. ಅದು ನನಗೆ ಆ ಕ್ಷಣವೇ ಹೊಳೆಯಿತು. ಆದರೂ ಕನ್ನಡಕ ಹಾಕಿಕೊಂಡು, ಗೆರೆ ಇರಲಿ ಇರಲಿ ಎಂದುಕೊಳ್ಳುತ್ತಲೇ ಹುಡುಕಿದೆ. ಬುಡದ ಹತ್ತಿರ, ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ, ದಾರದಷ್ಟು ಸಣ್ಣ ಬಿಳಿ ಗೆರೆಯೊಂದು ಒಂದು ಕಣ್ಣಿನವರೆಗೆ ಹೋಗಿ ನಿಂತಿತ್ತು.

ಕಡಿಯಲು ಕುಡುಗೋಲು ಕೇಳಿದೆ. ಮಾವನವರು ಕುಡುಗೋಲನ್ನು ಒಲೆಯ ಉರಿಗೆ ಹಿಡಿದು ತಂದರು. "ನೀ ಜಾಗಾ ತೋರಸು, ನಾ ಕಡೀತೀನಿ. ಕಬ್ಬಿನ ಬೀಜಾನೂ ಕಣ್ಣ ನೋಡೇ ಕಡ್ಯೂದು." ನಾನು ಬೆರಳಿಟ್ಟೆ. ಅವರು ಒಂದೇ ಏಟಿಗೆ ಕಡಿದರು. ಮೇಲಿನ ಹಸಿರು ತುಂಡನ್ನು ಅತ್ತೆ ಬಚ್ಚಲ ನೀರು ಹರಿಯುವಲ್ಲಿ ಊರಿದರು. ಅದು ಈಗ ಗೋಡೆ ಹತ್ತಿದೆ.

ಕುಂಡದಲ್ಲಿ ಉಳಿದದ್ದು ಮೋಟು. ಬಹಳ ದಿನ ಅದು ಹಾಗೇ ಇತ್ತು. ಮಳೆ ಹಿಡಿದ ಮೇಲೆ ಕಣ್ಣು ಉಬ್ಬಿತು, ಸೀಳಿತು, ಬೀಡಿಯಂತೆ ಬಿಗಿಯಾಗಿ ಸುತ್ತಿಕೊಂಡ ಎಲೆಯೊಂದು ಹೊರಬಂತು. ಅದು ಬಿಚ್ಚಿಕೊಂಡದ್ದನ್ನು ಮೊದಲು ನೋಡಿದವರು ಮಾವನವರು.

"ಏ, ಬರ್ರಿ ಎಲ್ಲಾರೂ! ಕೇವಡಾ ಬಿತ್ತು! ಕೇವಡಾ ಬಿತ್ತು!"

ಅವರ ಕೂಗಿಗೆ ಪಕ್ಕದ ಹೊಲದವರೊಬ್ಬರು ಗಾಬರಿಯಿಂದ ಓಡಿ ಬಂದರು. "ಎಷ್ಟ ಎಕರೇಕ ಬಿದ್ದೈತ್ರಿ?"

"ಒಂದ ಎಲಿಗೆ!" ಎಂದರು ಮಾವನವರು. ಅತ್ತೆ ಆ ಬಡಪಾಯಿಯನ್ನು ಕೂರಿಸಿ ಚಹಾ ಕೊಟ್ಟರು.

ಗಿಡ ಎತ್ತರವಾದಾಗ ತುದಿಯನ್ನು ನಾನೇ ಕತ್ತರಿಸಿದೆ. ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಬೇರು ಬರಿಸಿದೆ. ಬೇರು ಬಾಟಲಿಯ ತಳ ಮುಟ್ಟಿದ ಮೇಲೆ ನನ್ನ ಬಳಿ ನೆವ ಉಳಿಯಲಿಲ್ಲ.

ಮಾವನವರು ಬಸ್‌ಸ್ಟ್ಯಾಂಡಿಗೆ ಬಂದು ನಾನು ಹತ್ತುವವರೆಗೆ ಬಾಟಲಿ ಹಿಡಿದು ನಿಂತರು. ಆಮೇಲೆ ಕಿಟಕಿಯಿಂದ ಕೊಟ್ಟರು. ಎರಡೂ ಕೈ ಬಾಟಲಿಗೆ ಬೇಕಾದ್ದರಿಂದ ಮುಂದಿನ ಸೀಟಿನ ಕಂಬಿ ಹಿಡಿಯಲು ಆಗಲಿಲ್ಲ. ಚಿಕ್ಕೋಡಿಗೆ ಮೊದಲು ಅದೇ ತಿರುವು ಬಂತು. ಅಲ್ಲಿ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರೂ ಬಂತು. ಬಸ್ಸು ಅಂಚಿಗೆ ಸರಿಯಿತು. ನಾನು ಹೊರಗೆ ನೋಡದೆ ಬಾಟಲಿಯನ್ನೇ ನೋಡಿದೆ. ನೀರು ಒಂದು ಕಡೆ ಏರಿತು, ಬೇರುಗಳು ಅತ್ತ ಸರಿದವು. ಮತ್ತೆ ನೀರು ಸಮವಾಯಿತು. ಒಂದು ಹನಿಯೂ ಚೆಲ್ಲಿರಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಆಗಿನಿಂದ ಎಲೆಯನ್ನೇ ನೋಡುತ್ತಿದ್ದಳು. "ಅಗ ಬಾಈ, ಕೇವಡಾ ಪಡ್ಲಾಯ್ ಕೀ ಹ್ಯಾಲಾ!" ಎಂದು ಮರಾಠಿಯಲ್ಲಿ ಮರುಗಿದಳು. ನಂತರ ನನಗೆ ತಿಳಿಯಲೆಂದು ಕನ್ನಡದಲ್ಲಿ, "ಕೇವಡಾ ಬಿದ್ದೈತಿ, ಒಂದೀಟ ಹೀರಾಕಸ ಹೊಡೀಬೇ, ಚಂದ ಆಕ್ಕೈತಿ."

ನಿಪ್ಪಾಣಿಯಲ್ಲಿ ಅಕ್ಕನ ಬಾಗಿಲು ಆಗಲೇ ತೆರೆದಿತ್ತು. ಅವಳು ಬಾಟಲಿ ತೆಗೆದುಕೊಳ್ಳುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸೀರಿ ಯಾಕ ಇಷ್ಟ ತೋಯ್ದೈತಿ? ಮತ್ತ ಅಂಜಿದೇನ?"

"ಇಲ್ಲ," ಎಂದೆ. "ಬಸ್ಸಿನ್ಯಾಗ ನಗೂದರಾಗ ಚೆಲ್ಲಿತು."