ಕಲ್ಲಿಯೋಪಿಯ ಹೊಸ್ತಿಲು

ಹೌದು, ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ‘ಪಂದೆಲಿಸ್ ಹೊಟ್ಟೆ ಉರಿದು ಮಾತಾಡ್ತಾನೆ’ ಎಂದು ಪಿಸುಗುಟ್ಟುವುದು ಬೇಡ. ಕಲ್ಲಿಯೋಪಿಯ ಕಥೆಯನ್ನು ಈ ದ್ವೀಪದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳ ಮನೆಯ ಎದುರಿಗೇ ನನ್ನ ಕಾಫಿ ಅಂಗಡಿ.

ದೋಣಿಗಳ ಹಾಯಿ, ಹೋಟೆಲುಗಳ ಮುಂದೆ ನೆರಳಿಗೆ ಕಟ್ಟುವ ಬಟ್ಟೆ, ಇವನ್ನೆಲ್ಲ ಹೊಲಿಯುವುದು ಅವಳ ಕಸುಬು. ಸೂಜಿ ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿವೆ, ನಾಲಿಗೆಯಂತೂ ಇನ್ನೂ ಚೂಪು. ಬೇಸಿಗೆಯಲ್ಲಿ ಮಹಡಿಯ ಕೋಣೆಯನ್ನು ರಜೆಗೆ ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಒಂದು ವರ್ಷ ಅಲ್ಲಿಗೆ ಸಮುದ್ರದಾಚೆಯ ಥೆಸಲೊನೀಕಿ ಪಟ್ಟಣದ ಹೆಂಗಸೊಬ್ಬಳು ಬಂದಳು. ಅವಳ ಹಾಸಿಗೆಬಟ್ಟೆಗೆ ಕಲ್ಲಿಯೋಪಿ ಕೈಯಾರೆ ಇಸ್ತ್ರಿ ಮಾಡಿ ಹಾಸುತ್ತಿದ್ದಳು. ಆ ಹೆಂಗಸು ಊರಿಗೆ ಹೊರಟ ದಿನ ಕಲ್ಲಿಯೋಪಿಯ ಗಂಡ ಸ್ಟ್ರಾತೋಸ್ ‘ಬ್ರೆಡ್ ತರ್ತೀನಿ’ ಎಂದು ಮನೆಯಿಂದ ಹೋದವನು ಅದೇ ಹಡಗು ಹತ್ತಿಬಿಟ್ಟ. ಇವಳು ಸಾರು ಬಡಿಸಿಟ್ಟುಕೊಂಡು ಸಂಜೆಯವರೆಗೆ ಕಾದಳು. ಮಹಡಿಯ ಕೋಣೆಗೆ ಅಂದು ಹಾಕಿದ ಬೀಗವನ್ನು ಅವಳು ಮತ್ತೆ ತೆಗೆಯಲಿಲ್ಲ.

ನಮ್ಮಲ್ಲಿ ಹೊಸ ವರ್ಷದ ದಿನ ಮನೆಯೊಳಗೆ ಮೊದಲು ಕಾಲಿಡುವವನ ಮೇಲೆ ಆ ಮನೆಯ ಇಡೀ ವರ್ಷ ನಿಂತಿರುತ್ತದೆ. ಅವನು ಬಲಗಾಲಿಟ್ಟೇ ಬರಬೇಕು, ಹೊಸ್ತಿಲ ಮೇಲೆ ದಾಳಿಂಬೆ ಒಡೆಯಬೇಕು. ಗಂಡ ಓಡಿಹೋದ ವರ್ಷ ಅವಳು ಕರೆದದ್ದು ನನ್ನನ್ನು. ಮುಂದಿನ ವಸಂತಕ್ಕೆ ಬಂದರಿನ ಹೋಟೆಲುಗಳ ಹೊಲಿಗೆಯೆಲ್ಲ ಅವಳಿಗೇ ಸಿಕ್ಕಿತು. “ನಿನ್ನ ಕಾಲ್ಗುಣ ಒಳ್ಳೇದು ಕಣೋ ಪಂದೆಲಿಸ್” ಎಂದಳು. ಅಂದಿನಿಂದ ಪ್ರತಿ ವರ್ಷವೂ ನಾನೇ. ಈ ಸಲ ದಾಳಿಂಬೆ ಒಡೆದ ಕೂಡಲೇ ‘ನನ್ನನ್ನ ಮದುವೆ ಆಗ್ತೀಯಾ’ ಎಂದು ಕೇಳಿಬಿಡುವುದೆಂದು ನಿಶ್ಚಯಿಸಿದ್ದೆ. ಕನ್ನಡಿಯ ಮುಂದೆ ಹೇಳಿಯೂ ನೋಡಿದ್ದೆ.

ಅಷ್ಟರಲ್ಲಿ, ಕ್ರಿಸ್‌ಮಸ್ ರಜೆಯ ಹಡಗಿನಿಂದ ಸ್ಟ್ರಾತೋಸ್ ಇಳಿದ. ತಲೆ ನರೆತಿತ್ತು, ಜೊತೆಗೆ ಯಾರೂ ಇರಲಿಲ್ಲ. ಸತ್ತುಹೋದ ತಾಯಿಯ ಮನೆಯ ಬೀಗ ತೆಗೆದು ಅಲ್ಲೇ ಉಳಿದ. ಮರುದಿನ ಬೆಳಿಗ್ಗೆ ಕಲ್ಲಿಯೋಪಿಯ ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಸಿ ಬ್ರೆಡ್ ಇಟ್ಟು, ಬಾಗಿಲನ್ನೂ ತಟ್ಟದೆ ಹೊರಟುಹೋದ. ಅವಳು ಅದನ್ನು ಕೋಳಿಗಳಿಗೆ ಹಾಕಿದಳು. ನನಗೆ ಅಂದೇ ಹಬ್ಬ! ಮರುದಿನದ ಬ್ರೆಡ್ಡೂ ಕೋಳಿಗೇ ಹೋಯಿತು. ಅದರ ಮರುದಿನದ್ದು ಪಕ್ಕದ ಮನೆಯ ಮರುಲ್ಯೋ ಅಜ್ಜಿಗೆ. ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ, ಅವಳು ಹೊಲಿಗೆಯಂತ್ರದ ಮುಂದೆ ಕೂತು ಅದೇ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದಾಳೆ. ನನ್ನ ಕಾಫಿ! ನಾನೇ ಕೊಟ್ಟುಬಂದ ಕಾಫಿ! ಮೈಯೆಲ್ಲ ಉರಿದುಹೋಯಿತು.

“ಅಲ್ಲ ಕಣೇ, ಒಂದು ತುಂಡು ಬ್ರೆಡ್ಡಿಗೆ ಮರುಳಾಗಿಬಿಟ್ಯಾ?”

“ಹಸಿವಾಗಿತ್ತು, ತಿಂದೆ. ನಿನಗೇನೋ ಸಂಕಟ?”

“ನಾಯಿ ಬಾಲ ಯಾವತ್ತಿದ್ರೂ ಡೊಂಕೇ.”

“ಗೊತ್ತು. ಅದಕ್ಕೇ ದಿನಾ ಬೆಳಿಗ್ಗೆ ನೋಡ್ತೀನಿ, ಇವತ್ತು ಬರ್ತಾನಾ, ಬರಲ್ವಾ ಅಂತ.” ಸೂಜಿಗೆ ದಾರ ಪೋಣಿಸಿದಳು. “ಈಗ ಅವನು ಬರೋ ಹೊತ್ತಿಗೆ ತಾನಾಗೇ ಎಚ್ಚರ ಆಗುತ್ತೆ. ದರಿದ್ರ!” ಎಂದು ಜೋರಾಗಿ ಯಂತ್ರ ತುಳಿದಳು.

ಅಂದು ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದ. ಎಲ್ಲರಿಗೂ ಕೇಳುವ ಹಾಗೆ ಕೇಳಿದೆ: “ಏನಯ್ಯಾ, ಬ್ರೆಡ್ ತರೋಕೆ ಥೆಸಲೊನೀಕಿವರೆಗೂ ಹೋಗಿದ್ಯಂತೆ. ಬಿಸಿಯಾಗಿತ್ತಾ?”

ಅಂಗಡಿಯೆಲ್ಲ ನಕ್ಕಿತು. ಅವನು ಲೋಟ ಕೆಳಗಿಟ್ಟ. “ಇರ್ಲಿಲ್ಲ ಪಂದೆಲಿಸ್. ಹಳಸಿತ್ತು” ಎಂದ. ನಗು ನಿಂತುಹೋಯಿತು, ನನ್ನದೂ.

ಹೊಸ ವರ್ಷದ ಬೆಳಿಗ್ಗೆ ಚರ್ಚಿನಿಂದ ನೇರವಾಗಿ ಅವಳ ಬಾಗಿಲಿಗೆ ಹೋದೆ. ಕೈಯಲ್ಲಿ ಮಾರುಕಟ್ಟೆಯಲ್ಲೇ ದೊಡ್ಡದಾದ ದಾಳಿಂಬೆ. ಬಾಗಿಲು ತೆರೆದಿತ್ತು, ಅವಳು ಒಳಗೆ ನಿಂತಿದ್ದಳು. ಮರುಲ್ಯೋ ಅಜ್ಜಿ ನೋಡಲು ಬಂದು ಹೊರಗೇ ನಿಂತಿದ್ದಳು. ಹಾಳಾದವನು ಅದೇ ಹೊತ್ತಿಗೆ ಬ್ರೆಡ್ ತಂದ. ಬೇಕರಿಗೆ ರಜೆಯೆಂದು ತಾಯಿಯ ಒಲೆಯಲ್ಲಿ ತಾನೇ ಸುಟ್ಟಿದ್ದ. ಒಂದು ಕಡೆ ಸೀದುಹೋಗಿತ್ತು. ಕಿಟಕಿಯ ಕಟ್ಟೆಯ ಮೇಲಿಟ್ಟು ತಿರುಗಿದ.

“ಸ್ಟ್ರಾತೋಸ್,” ಎಂದಳು ಕಲ್ಲಿಯೋಪಿ. ಅವಳು ಆ ಹೆಸರು ಹಿಡಿದು ಕರೆದದ್ದನ್ನು ಎಷ್ಟೋ ವರ್ಷದಿಂದ ನಾನು ಕೇಳಿರಲಿಲ್ಲ. “ಇವತ್ತು ಒಳಗೆ ತಗೊಂಡು ಬಾ.”

ಅವನು ಎರಡೂ ಕೈಯಲ್ಲಿ ಬ್ರೆಡ್ ಹಿಡಿದು ಹೊಸ್ತಿಲು ದಾಟಿದ. ಎಡಗಾಲಿಟ್ಟು!

“ಅಯ್ಯೋ ದೇವಮಾತೆ, ಎಡಗಾಲು!” ಎಂದು ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ನನಗಾದ ಸಂತೋಷ ಹೇಳತೀರದು. “ಆಯ್ತಲ್ಲ! ಮನೆ ಹಾಳು ಮಾಡೋನು ಕಾಲಿಟ್ಟಿದ್ದೂ ಹಾಗೇನೇ!” ಎಂದು ಕೂಗಿದೆ.

ಕಲ್ಲಿಯೋಪಿಯ ಮುಖ ಬಿಳಿಚಿತು. “ಹೊರಗೆ ಹೋಗು” ಎಂದಳು.

ಅವನು ತಲೆ ತಗ್ಗಿಸಿ ಹೊರಗೆ ಬಂದ. ಬಾಗಿಲು ದಢಾರನೆ ಮುಚ್ಚಿತು. ನಾನು ದಾಳಿಂಬೆಯನ್ನು ತೋಳಿಗೆ ಒರೆಸಿಕೊಂಡು, ಕೋಟು ಸರಿಮಾಡಿಕೊಂಡು ಮುಂದೆ ಬಂದು ನಿಂತೆ. ಬಾಗಿಲು ಮತ್ತೆ ತೆರೆಯಿತು. ಅವಳು ನನ್ನನ್ನು ದಾಟಿ ಹಿಂದೆ ನಿಂತಿದ್ದ ಅವನನ್ನು ನೋಡಿದಳು.

“ಈಗ ಬಾ. ನೋಡ್ಕೊಂಡು ಬಾ. ಬಲಗಾಲು.”

“ಏನೇ ಇದು! ಮೊದಲ ಕಾಲು ಅಂದ್ರೆ ಒಂದೇ ಸಲ. ಎರಡನೇ ಸಲ ಅನ್ನೋದು ಎಲ್ಲಾದ್ರೂ ಉಂಟಾ?”

“ಹೊಸ್ತಿಲು ನಂದು ಪಂದೆಲಿಸ್. ಉಂಟು ಅಂದ್ರೆ ಉಂಟು.” ಆಮೇಲೆ ಮೆಲ್ಲಗೆ, “ಆ ದಾಳಿಂಬೆ ಅವನ ಕೈಗೆ ಕೊಡು” ಎಂದಳು.

ಕೊಟ್ಟೆ. ಇನ್ನೇನು ಮಾಡಲಿ? ಅವನು ಒಡೆದ. ಕಾಳುಗಳು ನನ್ನ ಹೊಸ ಬೂಟಿನ ಮೇಲೆಲ್ಲ ಚೆಲ್ಲಿದವು. ಅವನು ಬಲಗಾಲಿಟ್ಟು ಒಳಗೆ ಹೋದ. “ನಾಳೇನೂ ಬ್ರೆಡ್ ತರ್ಬೇಕು. ಒಂದಿನ ತಪ್ಪಿದ್ರೂ ಈ ಬಾಗಿಲು ಮತ್ತೆ ತೆಗೆಯಲ್ಲ” ಎಂದು ಅವಳು ಗದರಿಸುವುದು ಕೇಳಿಸಿತು. ಆಮೇಲೆ ಅಳುವುದೂ ಕೇಳಿಸಿತು.

“ನೀನೂ ಬಾರೋ, ಹಬ್ಬದ ಕೇಕ್ ಕತ್ತರಿಸ್ತೀನಿ” ಎಂದು ಒಳಗಿನಿಂದ ಕರೆದಳು. ಅಂಗಡಿ ತೆಗೆಯಬೇಕೆಂದು ಸುಳ್ಳು ಹೇಳಿ ಮನೆಗೆ ಬಂದೆ. ನನ್ನ ಹೊಸ್ತಿಲನ್ನು ಯಾವ ಕಾಲಿಟ್ಟು ದಾಟಿದೆನೋ ಗೊತ್ತಿಲ್ಲ. ನೋಡಿ ಹೇಳಲು ಒಳಗೆ ಯಾರೂ ಇರಲಿಲ್ಲ.