ಜಯಮ್ಮನಿಗೆ ಬೇಡವಾದ ಪುಸ್ತಕಗಳು

ಬಾಬುರಾಯನಕೊಪ್ಪಲಿನ ನಮ್ಮ ಪಕ್ಕದ ಮನೆಗೆ ಹೊಸ ಜಗಲಿ ಕಟ್ಟುತ್ತಿದ್ದಾರೆ. ಕಿಟಕಿ ತೆಗೆದರೆ ಸಾಕು, ಹಸಿ ಸಿಮೆಂಟಿನ ವಾಸನೆ ನೆಂಟರ ಹಾಗೆ ಒಳಗೆ ಬಂದು ಕೂರುತ್ತದೆ. ನಿಮಗಾದರೆ ಸೀನು ಬಂದೀತು. ನನಗೆ ನಗು ಬರುತ್ತದೆ, ಸೊಂಟವೂ ಸ್ವಲ್ಪ ನೋಯುತ್ತದೆ. ಯಾಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಶೀಳನೆರೆ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಗ್ರಂಥಪಾಲಕನಾಗಿದ್ದೆ. ಒಂದು ಕೋಣೆ, ನಾಲ್ಕು ಬೀರು, ಬಾಗಿಲಿಗೆ ಐದು ಮೆಟ್ಟಿಲು, ಎದುರಿಗೆ ಹಾಲಿನ ಡೈರಿ. ಬಟ್ಟೆ ಹೊಲಿಯುವ ಜಯಮ್ಮ ಗಾಲಿಕುರ್ಚಿಯಲ್ಲಿ ಬಂದು ಕಿಟಕಿಯ ಕೆಳಗಿನಿಂದ ಕೂಗುತ್ತಿದ್ದರು. ನಾನು ಸರಳುಗಳ ನಡುವೆ ಒಂದು ಪುಸ್ತಕ ತೂರಿಸುತ್ತಿದ್ದೆ. ಏಳು ವರ್ಷ ಹೀಗೇ ನಡೆಯಿತು. ಪುಣ್ಯದ ಕೆಲಸವೆಂದು ಒಳಗೊಳಗೇ ಬೀಗುತ್ತಿದ್ದೆ ಕೂಡ. ಒಂದು ದಿನ ಅವರು ಪುಸ್ತಕ ಹಿಂದಿರುಗಿಸುತ್ತಾ ಕೇಳಿಯೇಬಿಟ್ಟರು:

"ಅಲ್ಲ ಸಾ, ವ್ರತದ ಮಹಿಮೆ, ಮನೆಮದ್ದು, ಉಪ್ಪಿನಕಾಯಿ, ಬರೀ ಇವೇ ಕೊಡ್ತೀರಲ್ಲ, ನಾನೇನು ಉಪ್ಪಿನಕಾಯಿ ಅಂಗ್ಡಿ ಇಕ್ಕಿದ್ದೀನಾ?"

"ಮತ್ತೆ ಯಾವುದು ಬೇಕಮ್ಮ?"

"ಅದು ನಂಗೂ ಗೊತ್ತಿಲ್ಲ. ಒಳಕ್ಕೆ ಬಂದು ನೋಡುದ್ರೆ ತಾನೆ ಗೊತ್ತಾಗೋದು!"

ಅರ್ಜಿ ಬರೆದೆ, ಅಲೆದೆ, ಕೊನೆಗೂ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಲು ಒಪ್ಪಿಗೆ ಸಿಕ್ಕಿತು. ಆಮೇಲೆ ಶುರುವಾಯಿತು ನೋಡಿ ನನ್ನ ಕುಲಕಸುಬು, ಚಿಂತೆ. ಮಳೆ ನೀರು ಒಳಗೆ ನುಗ್ಗಿದರೆ? ಯಾರಾದರೂ ಅದರ ಮೇಲೆ ರಾಗಿ ಒಣಹಾಕಿದರೆ? ಮೇಕೆ ಹತ್ತಿ ಬಂದು ಪುಸ್ತಕ ಮೇಯ್ದರೆ? ಎಲ್ಲವನ್ನೂ ಯೋಚಿಸಿದೆ, ಜಯಮ್ಮನನ್ನು ಒಂದು ಮಾತು ಕೇಳುವುದನ್ನು ಬಿಟ್ಟು.

ಗಾರೆ ಕೆಲಸದ ಸಿದ್ದಣ್ಣನೂ ಕೇಳಲಿಲ್ಲ. "ಸರಸ್ವತಿ ಇರೋ ಜಾಗ ಕಣ್ ಸಾ, ಒರಟಾಗಿ ಬುಡಕ್ಕಾಯ್ತದಾ?" ಎಂದು ಸಿಮೆಂಟಿನ ತಿಳಿ ಬಳಿದು, ಕರಣೆಯಲ್ಲಿ ತೀಡಿ ತೀಡಿ, ಮುಖ ಕಾಣುವಷ್ಟು ನುಣುಪು ಮಾಡಿದ. ನಾನು ಅದರಲ್ಲಿ ಬಗ್ಗಿ ನೋಡಿ ಕ್ರಾಪು ಸರಿಮಾಡಿಕೊಂಡೆ.

ಅದು ಒಣಗಿ ಗಟ್ಟಿಯಾದ ಮೇಲೆ ಜಯಮ್ಮ ಬಂದದ್ದು ಒಂದು ಸಂಜೆ, ಡೈರಿಗೆ ಹಾಲು ಹಾಕುವ ಹೊತ್ತು. ಅವರು ಇಳಿಜಾರನ್ನು ನೋಡಿದರು, ನನ್ನನ್ನು ನೋಡಿದರು, ಕಟ್ಟೆಗೆ ಸರಿದು ಕುಳಿತು ಕುರ್ಚಿ ಬಿಟ್ಟುಕೊಟ್ಟರು. "ಮೊದ್ಲು ನೀವು ಹತ್ತಿ ತೋರ್ಸಿ ಸಾ."

ಕೂತೆ. ಸಿದ್ದಣ್ಣ ಹಿಂದಿನಿಂದ ತಳ್ಳಿದ. ಬಾಗಿಲಿಗೆ ಇನ್ನೊಂದು ಮೊಳವಿದೆ ಎನ್ನುವಾಗ ಅವನ ಕಾಲು ಅವನದೇ ನುಣುಪಿನ ಮೇಲೆ ಜಾರಿ, ಪಕ್ಕಕ್ಕೆ ಉರುಳಿದ. ಸರಸ್ವತಿ ನನ್ನಿಂದ ಭರ್ರನೆ ದೂರ ಹೋಗತೊಡಗಿದಳು. ನಾನು ಹಿಮ್ಮುಖವಾಗಿ ರಸ್ತೆ ದಾಟಿ, ಡೈರಿಯ ಮುಂದಿದ್ದ ಹಸಿಹುಲ್ಲಿನ ಹೊರೆಗೆ ಗುದ್ದಿ, ಕುರ್ಚಿಯಿಂದ ಎಗರಿ ಅದರ ಮೇಲೆ ಬಿದ್ದೆ.

ಸಾಲಿನಲ್ಲಿದ್ದ ಮುದುಕನೊಬ್ಬ ಗಂಭೀರವಾಗಿ ಹೇಳಿದ: "ಲೇ, ಸಾರು ಹಾಲಾಕಕ್ಕೆ ಬಂದವ್ರೆ, ದಾರಿ ಬುಡ್ರಲಾ!"

ಊರಿಗೆ ಊರೇ ನಕ್ಕಿತು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಜಯಮ್ಮ ಸಿದ್ದಣ್ಣನ ಕಡೆ ತಿರುಗಿದರು. "ನಮ್ಮ ಕೊಟ್ಟಿಗೇಲಿ ಎಮ್ಮೆ ಜಾರ್ಬಾರ್ದು ಅಂತ ಗೀರು ಎಳ್ದಿದ್ದೋನು ನೀನೇ ಅಲ್ವಾ? ನಾನೇನು ಎಮ್ಮೆಗಿಂತ ಕಡೆಯಾದ್ನಾ?"

ಸಿದ್ದಣ್ಣ ಅದನ್ನು ಒಡೆದು ಮತ್ತೆ ಕಟ್ಟಿದ. ಉದ್ದ ಎಷ್ಟು, ಏರು ಎಷ್ಟು, ಗೀರು ಎಲ್ಲೆಲ್ಲಿ ಎಂಬುದನ್ನೆಲ್ಲ ಜಯಮ್ಮ ಪಕ್ಕದಲ್ಲೇ ಕೂತು ಹೇಳಿದರು. ಸಿಮೆಂಟು ಒಣಗಿದ ಮೇಲೆ, ಯಾರ ಕೈಯೂ ತಾಗದೆ, ತಾವೇ ಗಾಲಿ ತಿರುಗಿಸಿಕೊಂಡು ಒಳಗೆ ಬಂದರು.

ಬಂದವರು ಎರಡು ಗಂಟೆ ಕದಲಲಿಲ್ಲ. ಒಂದು ಪುಸ್ತಕ ತೆಗೆಯುವರು, ಅರ್ಧ ಪುಟ ಓದುವರು, "ಬ್ಯಾಡ" ಎಂದು ಇಡುವರು. ಮೇಲಿನ ಸಾಲಿನವನ್ನು ನಾನು ಕೆಳಗಿಳಿಸಿಕೊಟ್ಟೆ. ಅವೂ "ಬ್ಯಾಡ". ಒಳ್ಳೆಯದೊಂದನ್ನು ಸೂಚಿಸಲು ನನ್ನ ನಾಲಿಗೆ ತುರಿಸುತ್ತಿತ್ತು, ಕಚ್ಚಿ ಹಿಡಿದೆ. ಏಳು ವರ್ಷ ಕಿಟಕಿಯಲ್ಲಿ ತೂರಿಸಿದ್ದಕ್ಕೆಲ್ಲ ಹೂಂ ಎಂದ ಹೆಂಗಸು ಇಂದು ಬೇಡ, ಬೇಡ ಎನ್ನುತ್ತಾ ಹಬ್ಬ ಮಾಡುತ್ತಿದ್ದರು. ಕೊನೆಗೆ ರಕ್ಷಾಪುಟ ಹರಿದ ದೆವ್ವದ ಕಥೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಹೊರಟರು.

ಈಗ ನಾನು ಕೆಲಸಕ್ಕೆ ಹೋಗುವ ಪಟ್ಟಣದ ಗ್ರಂಥಾಲಯಕ್ಕೂ ಮೂರು ಮೆಟ್ಟಿಲುಗಳಿವೆ. ಇಳಿಜಾರಿನ ನಕ್ಷೆ ಮೇಜಿನ ಮೇಲೆ ಬಂದು ಕೂತಿದೆ. ಎಂದಿನಂತೆ ಮಳೆ, ಮೇಕೆ ಎಂದು ಚಿಂತಿಸಲು ತೊಡಗಿದವನು ಇವತ್ತು ಬೆಳಿಗ್ಗೆ ಅರ್ಧಕ್ಕೇ ನಿಲ್ಲಿಸಿ ಜಯಮ್ಮನಿಗೆ ಫೋನು ಮಾಡಿದೆ. ಕಟ್ಟುವ ಮುಂಚೆ ಒಮ್ಮೆ ಬಂದು ನೋಡಿ, ಹೇಗಿರಬೇಕು ಹೇಳಿ ಎಂದೆ.

"ಬತ್ತೀನಿ ಬುಡಿ ಸಾ. ಕಟ್ಟಿದ್ ಮ್ಯಾಲೂ ಬತ್ತೀನಿ, ಬುತ್ತಿ ಕಟ್ಕೊಂಡು," ಎಂದರು. "ಪಟ್ಟಣದಲ್ಲಿ ಪುಸ್ತಕ ಜಾಸ್ತಿ. ಎಲ್ಲಾ ಬ್ಯಾಡ ಅನ್ನಕ್ಕೆ ಸಂಜೆಗಂಟ ಆಯ್ತದೆ."